ಯುಹಾನ್ ಕೊಯ್ದ ಕಿವಿ

ಮೂರು ದಿನ ಬೆಟ್ಟ ಹತ್ತಿಸಿ, ಹೊಳೆ ದಾಟಿಸಿ, ಕಾಲಿನ ಬೊಕ್ಕೆಗಳಿಗೆ ಪಟ್ಟಿ ಹಚ್ಚಿ, ಕಾಫಿ ಕಾಸಿ ಕೊಟ್ಟವನು ಯುಹಾನ್. ನಾಲ್ಕನೆಯ ದಿನ, ಹಿಮಸಾರಂಗ ಸಾಕುವ ಸಾಮಿ ಜನರ ದೊಡ್ಡಿಯ ಬೇಲಿಗೆ ಒರಗಿ ನಿಂತ ಆ ಏಳು ಜನ ಪ್ರವಾಸಿಗರು ಬಾಯಿಬಿಟ್ಟು ನೋಡುತ್ತಿದ್ದದ್ದು ಅವನ ತಮ್ಮ ಮಾಹ್ತೆಯನ್ನು.

ಗಿರಗಿರ ಸುತ್ತುವ ಹಿಮಸಾರಂಗಗಳ ನಡುವೆ ನಿಂತು ಮಾಹ್ತೆ ಕುಣಿಕೆ ಎಸೆದರೆ ಅದು ಮರಿಯ ಹಿಂಗಾಲಿಗೇ ಬೀಳುತ್ತಿತ್ತು. ಹ್ಯಾಂಬರ್ಗಿನಿಂದ ಬಂದ ಹೆಂಗಸು, "ನಿಜವಾದ ಸಾಮಿ ಅಂದ್ರೆ ಇವನೇ ಅಲ್ವಾ?" ಎಂದು ಯುಹಾನ್‌ನನ್ನೇ ಕೇಳಿದಳು.

ಅವನ ಹೊಟ್ಟೆಗೆ ಕಿಚ್ಚು ಬಿತ್ತು. ಅಪ್ಪ ಅವ್ವನ ಗುಡಾರ, ಮಂದೆ ಎಲ್ಲ ಕಿರಿಯವನಿಗೇ ಉಳಿಯುವುದು ಅವರ ಪದ್ಧತಿ. ಹಿರಿಯನಿಗೆ ಸಿಕ್ಕಿದ್ದು ನಾಲ್ಕಾರು ಸಾರಂಗ, ಕಂಡವರಿಗೆ ದಾರಿ ತೋರಿಸುವ ಕೆಲಸ. ತಮ್ಮ ಒಂದು ದಿನವೂ ಅದನ್ನು ಎತ್ತಿ ಆಡಿದವನಲ್ಲ. ಆಡಿದ್ದರೆ ಕಪಾಳಕ್ಕೊಂದು ಬಿಟ್ಟು ಹಗುರಾಗಬಹುದಿತ್ತು.

ಯುಹಾನ್ ಬೇಲಿ ಹಾರಿದ. ಮೂರನೆಯ ಎಸೆತಕ್ಕೆ ಒಂದು ಕಪ್ಪು ಮರಿ ಸಿಕ್ಕಿತು. ಒಡೆಯನ ಗುರುತಿಗಾಗಿ ಕಿವಿ ಕೊಯ್ಯುವ ಮೊದಲು ಮರಿಯನ್ನು ಬಿಟ್ಟು, ಅದು ಯಾವ ತಾಯಿಯ ಹಿಂದೆ ಹೋಗುತ್ತದೆ ಎಂದು ನೋಡಬೇಕು. ತಾಯಿಯ ಕಿವಿಯ ಗುರುತೇ ಮರಿಗೂ. ತನ್ನ ಕಪ್ಪು ಹೆಣ್ಣು ಸಾರಂಗದ ಮರಿಯೇ ಇದು ಎಂದುಕೊಂಡ ಯುಹಾನ್ ಚೂರಿ ತೆಗೆದು ತನ್ನ ಗುರುತು ಕೊಯ್ದ. ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಮರಿ ಓಡಿಹೋಗಿ ಒಂದು ಬಿಳಿ ಸಾರಂಗದ ಕೆಚ್ಚಲಿಗೆ ಬಾಯಿ ಹಾಕಿತು. ಬಿಳಿಯದರ ಕಿವಿಯಲ್ಲಿ ಇದ್ದದ್ದು ಮಾಹ್ತೆಯ ಗುರುತು.

ದೊಡ್ಡಿಯಲ್ಲಿ ಕುಣಿಕೆ ಎಸೆಯುತ್ತಿದ್ದವರ ಹಗ್ಗಗಳೆಲ್ಲ ನಿಂತವು. ಬೇರೆಯವರ ಮರಿಗೆ ತನ್ನ ಗುರುತು ಹಾಕಿದವನನ್ನು ಅಲ್ಲಿ ಏನೆಂದು ಕರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವ್ವ ಬಿರೆತ್ ಅವನ ಹತ್ತಿರ ಬಂದಳು. "ಗಡ್ಡ ನೆರೀತು. ತಾಯಿ ಯಾವ್ದು ಅಂತ ನೋಡ್ದೆ ಚೂರಿ ತೆಗೀತಾರೇನೋ?"

ಮಾಹ್ತೆ ಹಗ್ಗ ಸುತ್ತಿಕೊಳ್ಳುತ್ತ ಬಂದ. "ಇರ್ಲಿ ಬಿಡಣ್ಣ. ನಾನೇ ಕೊಟ್ಟೆ ಅಂದ್ಕೋ."

"ನಿನ್ನ ಭಿಕ್ಷೆ ಯಾವನಿಗೆ ಬೇಕು?"

ಯುಹಾನ್ ಮಂದೆಯೊಳಗೆ ನುಗ್ಗಿದ. ತನ್ನ ಕಪ್ಪು ಹೆಣ್ಣನ್ನು ಹುಡುಕಿದ, ಅದರ ಬೆನ್ನಿಗಿದ್ದ ಮರಿಯನ್ನು ಕೈಯಲ್ಲೇ ಹಿಡಿದು ನೆಲಕ್ಕೆ ಕೆಡವಿದ. ಆ ಬೇಸಿಗೆಯಲ್ಲಿ ಅವನ ಸಾರಂಗಗಳಿಗೆ ಹುಟ್ಟಿದ್ದು ಅದೊಂದೇ ಮರಿ.

"ಬಾ, ಇದಕ್ಕೆ ನಿನ್ನ ಗುರುತು ಹಾಕು. ನಾನು ಕಳ್ಳ ಅಲ್ಲ."

ಮಾಹ್ತೆ ಅವ್ವನ ಮುಖ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಮಂಡಿಯೂರಿ ಕೂತ. ಚೂರಿ ನಾಲ್ಕು ಸಲ ಆಡಿತು, ಅಷ್ಟೆ. ಮರಿಗೆ ಒದರಲೂ ಹೊತ್ತು ಸಿಗಲಿಲ್ಲ.

ಇನ್ನು ಯಾರೂ ಯುಹಾನ್‌ಗೆ ಏನೂ ಅನ್ನುವಂತಿರಲಿಲ್ಲ. ಆದರೂ ಅವನ ಕಣ್ಣು ಮರಿಯ ಕಿವಿಯಿಂದ ಕದಲಲಿಲ್ಲ. ತಾನು ಕೊಯ್ದ ಕಿವಿಯಲ್ಲಿ ತೊಗಲಿನ ಚೂರು ಇನ್ನೂ ಜೋತಾಡುತ್ತಿತ್ತು. ತಮ್ಮ ಕೊಯ್ದ ಇದರಲ್ಲಿ ಒಂದು ಎಳೆಯೂ ಎದ್ದಿರಲಿಲ್ಲ.

ದರಿದ್ರದವನು ಇದನ್ನೂ ಚೆನ್ನಾಗಿಯೇ ಮಾಡಿದ್ದ.