ಅಕ್ಕನ ಓಣಿಯ ರೇಟು

ಅತಾವುಲ್ಲಾ ಕಾರನ್ನು ಆ ಓಣಿಗೆ ತಿರುಗಿಸಿದಾಗ ನಿಶ್ಚಿತಾ ಸೀಟಿನಲ್ಲಿ ಮುಂದಕ್ಕೆ ಬಾಗಿದಳು.

"ಈ ಓಣಿನಾ?"

"ಇದೇ ಮೇಡಂ. ದೇವಸ್ಥಾನಕ್ಕೆ ನಡ್ಕೊಂಡೇ ಹೋಗ್ಬಹುದು. ಶೃಂಗೇರಿಲಿ ಇಂಥ ಜಾಗ ಇನ್ನು ಸಿಗೋದು ಕಷ್ಟ."

ಕೊಪ್ಪದ ಈ ದಲ್ಲಾಳಿಗೆ ಅವಳು ನರಸಿಂಹರಾಜಪುರದ ಒಬ್ಬ ಗಿರಾಕಿ, ಅಷ್ಟೆ. ಓಣಿಯ ಕೊನೆಯಲ್ಲಿರುವುದು ಅವಳ ಅಕ್ಕ ಶರ್ಮಿಳಾಳ ಮನೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದು ಮಾರಾಟಕ್ಕಿದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ನಿಜವಾಗಿ ಅವಳು ಗಿರಾಕಿಯೂ ಅಲ್ಲ. ಮೇಷ್ಟ್ರಾಗಿದ್ದ ಅಪ್ಪ ತಾನು ಕೆಲಸ ಮಾಡಿದ ಎರಡು ಊರುಗಳಲ್ಲಿ ಒಂದೊಂದು ಮನೆ ಕಟ್ಟಿಸಿ, ತೀರಿಕೊಳ್ಳುವ ಮುಂಚೆ ಇಬ್ಬರು ಹೆಣ್ಣುಮಕ್ಕಳಿಂದ ಚೀಟಿ ಎತ್ತಿಸಿದ್ದರು. ಆಗ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬೆಲೆ. ನರಸಿಂಹರಾಜಪುರದ ಮನೆ ತನಗೆ ಬಂದಾಗ, ಹಿತ್ತಲು ದೊಡ್ಡದು ಎಂದು ನಿಶ್ಚಿತಾ ಖುಷಿಪಟ್ಟಿದ್ದಳು. ಕಳೆದ ಬೇಸಗೆಯಲ್ಲಿ ಪಕ್ಕದ ಮನೆ ಮಾರಾಟವಾಯಿತು. ಬಂದ ಬೆಲೆ ಕೇಳಿ ಗಂಡ ಲಕ್ಷ್ಮೀಶ ನಕ್ಕ. "ಈ ದುಡ್ಡಿಗೆ ನಿನ್ನ ಅಕ್ಕನ ಓಣಿಲಿ ಕಾರು ನಿಲ್ಸೋಕೂ ಜಾಗ ಸಿಗಲ್ಲ ಮಾರಾಯ್ತಿ."

ಅವನು ಅದನ್ನು ಅಲ್ಲೇ ಮರೆತ. ಅವಳಿಗೆ ಮರೆಯಲಾಗಲಿಲ್ಲ. ಫೋನಿನಲ್ಲಿ ಮಾರಾಟದ ಜಾಹೀರಾತುಗಳನ್ನು ನೋಡತೊಡಗಿದಳು. ಕೊಳ್ಳುವವಳಂತೆ ಹೋಗಿ ಕೊಪ್ಪದ ಹೊಸ ಬಡಾವಣೆ ನೋಡಿದಳು, ಜಯಪುರದಲ್ಲಿ ಅಂಗಡಿಗಳ ಹಿಂದಿನ ಮನೆ ನೋಡಿದಳು, ಹಿರೇಕೊಡಿಗೆಯ ಕಡೆ ಬೇಲಿ ಹಾಕಿದ್ದ ಸೈಟು ನೋಡಿದಳು. ಎಲ್ಲಿ ನಿಂತರೂ ಅಲ್ಲಿಯ ಬೆಲೆಯ ಪಕ್ಕದಲ್ಲಿ ತನ್ನ ಮನೆ ಬಂದು ನಿಲ್ಲುತ್ತಿತ್ತು, ಅದರ ಹಿಂದೆಯೇ ಅಕ್ಕನ ಮನೆ. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಅಕ್ಕನ ಫೋನು ಬಂದರೆ ಎರಡು ಮಾತಾಡಿ, ಕೆಲಸ ಇದೆ ಎಂದು ಇಟ್ಟುಬಿಡುತ್ತಿದ್ದಳು.

ಬಾಗಿಲು ತೆರೆದ ಶರ್ಮಿಳಾ ತಂಗಿಯನ್ನು ನೋಡಿದಳು, ಅವಳ ಹಿಂದಿದ್ದ ಅತಾವುಲ್ಲಾನನ್ನು ನೋಡಿದಳು.

"ಬನ್ನಿ," ಎಂದಳು.

ಅವಳು ನಿಶ್ಚಿತಾಳನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಯಾತ್ರಿಕರಿಗೆ ಅಕ್ಕ ರೂಮು ಕೊಡುತ್ತಾಳೆಂದು ನಿಶ್ಚಿತಾಳಿಗೆ ಗೊತ್ತಿತ್ತು. ಆದರೆ ಪ್ರತಿ ಬಾಗಿಲಿಗೂ ನಂಬರು ಬಿದ್ದಿತ್ತು. ಚಿಕ್ಕಂದಿನಲ್ಲಿ ಇಬ್ಬರೂ ಮಲಗುತ್ತಿದ್ದ ಕೋಣೆಯ ನಡುವೆ ಪ್ಲೈವುಡ್ ಗೋಡೆ ಎದ್ದು, ಇದ್ದೊಂದು ಕಿಟಕಿಯೂ ಎರಡು ಪಾಲಾಗಿತ್ತು. "ನೀರಿಗೆ ತೊಂದರೆ ಇಲ್ಲ," ಎಂದು ಶರ್ಮಿಳಾ ಗೋಡೆಯ ಕಡೆ ನೋಡಿಕೊಂಡು ಹೇಳಿದಳು. "ಸೋರುತ್ತಾ?" ಎಂದು ನಿಶ್ಚಿತಾ ಕೇಳಿದಳು. ಅತಾವುಲ್ಲಾ ಇಬ್ಬರ ಪರವಾಗಿಯೂ ಉತ್ಸಾಹದಿಂದ ಮಾತಾಡುತ್ತಿದ್ದ. ಅಷ್ಟರಲ್ಲಿ ಅವನಿಗೊಂದು ಫೋನು ಬಂತು. ಮಾತಾಡುತ್ತ ಅಂಗಳಕ್ಕಿಳಿದ.

"ಯಾರಿಗೆ ಮನೆ ನೋಡೋದು ನೀನು?" ಶರ್ಮಿಳಾ ದನಿ ತಗ್ಗಿಸಿದಳು.

"ಯಾರಿಗೂ ಅಲ್ಲ. ಎಷ್ಟು ಬಾಳ್ತದೆ ಅಂತ ತಿಳ್ಕೊಳ್ಳೋಕೆ."

"ನನ್ನನ್ನೇ ಕೇಳ್ಬಹುದಿತ್ತು."

"ಮಾರ್ತೀನಿ ಅಂತ ನೀನು ಹೇಳ್ಬಹುದಿತ್ತು."

"ಹೇಳಿದ್ರೆ ಪಾಲು ಕೇಳ್ತಿದ್ದೆ ನೀನು."

ಅಲ್ಲ ಎನ್ನಬೇಕೆಂದು ನಿಶ್ಚಿತಾ ಬಾಯಿ ತೆರೆದಳು. "ಹೌದು," ಎಂದಳು. "ಕೇಳ್ತಿದ್ದೆ."

ಶರ್ಮಿಳಾ ಬೈಯಲಿಲ್ಲ. ಅವಳ ಕೈ ಹಿಡಿದು ಮೆಟ್ಟಿಲ ಕೆಳಗೆ ಕರೆದೊಯ್ದಳು. ಅಲ್ಲಿ ಸುತ್ತಿಟ್ಟ ಹಾಸಿಗೆಯೊಂದಿತ್ತು; ಮೊಳೆಗೆ ಭಾವ ವಿಘ್ನೇಶನ ಅಂಗಿಗಳು ನೇತಾಡುತ್ತಿದ್ದವು.

"ರಜಾ ದಿನ ಬಂದ್ರೆ ನಾವಿಬ್ರೂ ಇಲ್ಲೇ. ನಿನ್ನ ಭಾವನಿಗೆ ಕಾಲು ಚಾಚೋಕಾಗಲ್ಲ. ಕಣ್ಣು ಮುಚ್ಚೋದ್ರೊಳಗೆ ಯಾರಾದ್ರೂ ಬಕೆಟು ಇಲ್ಲ, ಕರೆಂಟು ಹೋಯ್ತು ಅಂತ ಬಾಗಿಲು ಬಡೀತಾರೆ."

"ಬಾಡಿಗೆ ಬರ್ತದಲ್ಲ?"

"ಬರ್ತದೆ. ನಾನು ಮನೇಲಿ ಕೂತ್ಕೊಂಡು ಊಟ ಮಾಡಿ ಎಷ್ಟು ಕಾಲ ಆಯ್ತು ಗೊತ್ತಾ ನಿಂಗೆ?" ಅಂಗಳದ ಕಡೆ ಒಮ್ಮೆ ನೋಡಿ ಮುಂದುವರಿಸಿದಳು. "ನರಸಿಂಹರಾಜಪುರದಲ್ಲಿ ಹಿತ್ತಲು ಇರೋ ಮನೆ ಉಂಟಾ ಅಂತ ಈ ದಲ್ಲಾಳಿ ಹತ್ರಾನೇ ಕೇಳಿಟ್ಟಿದ್ದೇನೆ. ನಿಮ್ಮ ಬೀದಿ ಆದ್ರೂ ಆಗ್ತದೆ ಅಂದಿದ್ದೆ."

ನಿಶ್ಚಿತಾಳಿಗೆ ಅಕ್ಕನ ಕಣ್ಣ ಕೆಳಗಿನ ಕಪ್ಪು ಕಾಣುತ್ತಿತ್ತು. ಆದರೂ ಈ ಜಾಗ ಎಷ್ಟಕ್ಕೆ ಹೋಗಬಹುದೆಂಬ ಲೆಕ್ಕ ಒಳಗೆ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹೇಗನ್ನಿಸ್ತು ಮೇಡಂ?" ಅತಾವುಲ್ಲಾ ಒಳಗೆ ಬಂದ. "ಓನರ್ ಇಲ್ಲೇ ಇದ್ದಾರೆ, ರೇಟು ಮಾತಾಡೋಣವಾ?"

"ಇವಳು ನನ್ನ ಅಕ್ಕ," ಎಂದಳು ನಿಶ್ಚಿತಾ.

ಅವನು ಇಬ್ಬರ ಮುಖವನ್ನೂ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ. "ಕೊಪ್ಪದಲ್ಲೇ ಹೇಳ್ಬಾರ್ದಾ ಅಮ್ಮ? ಪೆಟ್ರೋಲಾದ್ರೂ ಉಳೀತಿತ್ತು," ಎಂದ. ಶರ್ಮಿಳಾಳಿಗೆ ನಗು ಬಂತು, ನಿಶ್ಚಿತಾಳಿಗೆ ಬರಲಿಲ್ಲ.

ಅವನ ಕಾರು ಹೊರಟು ಹೋಗುವಷ್ಟರಲ್ಲಿ ಹೊರಗೆ ಯಾರೋ ರೂಮು ಕೇಳುತ್ತಿದ್ದರು. ಮಕ್ಕಳು, ಚೀಲಗಳು, ಸೊಂಟ ಹಿಡಿದುಕೊಂಡ ಒಬ್ಬಳು ಮುದುಕಿ. ಶರ್ಮಿಳಾ ಸೆರಗು ಸಿಕ್ಕಿಸಿಕೊಂಡಳು. "ಬಸ್ಸಿಗೆ ಹೋಗ್ತೀಯಾ, ಇರ್ತೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ನಡೆದಳು.

ನಿಶ್ಚಿತಾ ಬೆಂಚಿನ ಮೇಲೆ ಮಡಿಸಿಟ್ಟಿದ್ದ ಬೆಡ್‌ಶೀಟುಗಳನ್ನು ಎತ್ತಿಕೊಂಡು ಮಹಡಿ ಹತ್ತಿದಳು. ಮಕ್ಕಳೊಂದಿಗೆ ಹಿಂದೆಯೇ ಬಂದ ಹೆಂಗಸು, "ಬಿಸಿನೀರು ಸಿಗುತ್ತಾ ಅಮ್ಮ?" ಎಂದಳು.

"ಕಾಯಿಸ್ತೇನೆ," ಎಂದಳು ನಿಶ್ಚಿತಾ.

ಹಾಸಿಗೆಯ ಮೇಲೆ ಬೆಡ್‌ಶೀಟು ಕೊಡವಿ ಹಾಸಿ, ಕಿಟಕಿ ತೆರೆದಳು. ಕೆಳಗೆ ದೊಡ್ಡದೊಂದು ವ್ಯಾನು ಓಣಿಯೊಳಗೆ ಹಿಮ್ಮುಖವಾಗಿ ಬರುತ್ತಿತ್ತು. ಗೋಡೆಗೂ ವ್ಯಾನಿಗೂ ನಡುವೆ ನಿಂತ ಅಕ್ಕ ಎರಡೂ ಕೈ ಮೇಲೆತ್ತಿ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಸನ್ನೆ ಮಾಡುತ್ತ ಹಿಂದೆ ಸರಿಯುತ್ತಿದ್ದಳು.