ಕಾಶೀಂಸಾಬನ ಕಡೇ ಕಾಫಿ

"ಇದನ್ನ ಚೆಲ್ಲಿ ತೊಳದ್ರ ನೀರು ತುಂಬಾಕ ಆಗ್ತೈತಿ," ಎನ್ನುತ್ತ ಪಕ್ಕದ ಹೊಲದ ಶಿವನಪ್ಪ ಹಿತ್ತಲಿನ ಡ್ರಮ್ಮನ್ನು ಓರೆ ಮಾಡಿದ. ಹೆಣಕ್ಕೆ ಮಾಡಿಸುವ ಮಯ್ಯತ್ತಿನ ಸ್ನಾನಕ್ಕೆ ನೀರು ತುಂಬಿಡಲು ಪಾತ್ರೆ ಸಾಲದಾಗಿತ್ತು. ಡ್ರಮ್ಮಿನಲ್ಲಿ ಲೋಳೆ ಮೆತ್ತಿದ ಬೀಜ, ಹುಳಿ ವಾಸನೆ.

"ಚೆಲ್ಲಬ್ಯಾಡ್ರಿ!" ಒಳಗಿನಿಂದ ಖಾಜಾಬಿ ಕೂಗಿದಳು. ನಸುಕಿನಲ್ಲಿ ಗಂಡ ಕಾಶೀಂಸಾಬ ನಮಾಜಿಗೆಂದು ಎದ್ದವನು ಅಲ್ಲೇ ಕುಸಿದು ತೀರಿಕೊಂಡ ಮೇಲೆ ಆಕೆ ಬಾಯಿ ಬಿಟ್ಟದ್ದು ಇದೇ ಮೊದಲು.

"ಕೊಳತೈತ್ರಿ ವೈನಿ ಇದು."

"ಕೊಳತಿಲ್ಲ. ನಿನ್ನಿ ಸಂಜಿಕ ಅವರು ಕಾಫಿ ಹಣ್ಣು ಸುಲದು ಲೋಳಿ ಬಿಡಾಕ ಇಟ್ಟಾರ. ಇವತ್ತ ಹೊತ್ತು ಮುಳುಗೂದ್ರಾಗ ತೊಳೀಬೇಕು. ಇಲ್ಲಾಂದ್ರ ಕಾಫಿ ಹುಳಿ ಆಗಿ ಕೆಡತೈತಿ."

ಸೇರಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಹೆಣ ಮನೆಯಲ್ಲಿರುವಾಗ ಇವಳಿಗೆ ಕಾಫಿಯ ಚಿಂತೆ! ಮಗ ಮುನಾವರನಿಗೆ ನಾಚಿಕೆಯಾಯಿತು.

"ಅಮ್ಮಾ, ಸುಮ್ನಿರು. ಮಂದಿ ಏನಂದಾರು?"

"ಮಂದಿ ಇವತ್ತ ಹೊಸದಾಗಿ ಅಂತಾರೇನು?"

ಆ ಮಾತು ಸುಳ್ಳಲ್ಲ. ಮಲಪ್ರಭೆಯ ದಂಡೆಯಲ್ಲಿ, ಪೇರಲ ಗಿಡಗಳ ನೆರಳಿನಲ್ಲಿ ಕಾಫಿ ನೆಟ್ಟವನನ್ನು ಕೊಣ್ಣೂರಿನ ಮಂದಿ ಆಡಿಕೊಳ್ಳದೆ ಬಿಟ್ಟಿರಲಿಲ್ಲ. ಚಹಾ ಕುಡಿಯುವ ಊರು. ಕಾಶೀಂಸಾಬನಿಗೂ ಚಹಾ ಇಲ್ಲದೆ ಬೆಳಗಾಗುತ್ತಿರಲಿಲ್ಲ, ತಾನು ಬೆಳೆದ ಕಾಫಿ ಅವನಿಗೇ ಹಿಡಿಸಲಿಲ್ಲ ಅನ್ನಿ. ಆದರೂ ಕೆಂಪಗೆ ಹಣ್ಣಾದದ್ದನ್ನಷ್ಟೇ ಆರಿಸಿ ಕಿತ್ತು, ಸುಲಿದು, ತೊಳೆದು, ಜಾಳಿಗೆ ಮಂಚದ ಮೇಲೆ ಒಣಗಲು ಹರವಿ ಇಡೀ ದಿನ ಕೈಯಾಡಿಸುತ್ತಿದ್ದ. ವರ್ಷಕ್ಕೆ ಆಗುತ್ತಿದ್ದುದು ನಾಲ್ಕೈದು ಚೀಲ. ಹುಬ್ಬಳ್ಳಿಯ ಅಂಗಡಿಯೊಂದರವರು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಊರಿಗೆ ಅದೂ ಒಂದು ತಮಾಷೆ.

*

ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಚಿಕ್ಕಮಗಳೂರಿನ ಕಡೆ ಕಾಫಿ ಕೀಳುವ ಕೂಲಿಗೆ ಹೋಗಿದ್ದರು. ವಾಪಸು ಹೊರಡುವ ಹೊತ್ತಿಗೆ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತು.

"ಈ ವಾಸನಿ ಬಿಟ್ಟು ಹೋಗಾಕ ಮನಸ ಇಲ್ರಿ," ಎಂದಿದ್ದಳು ಖಾಜಾಬಿ.

ಊರಿಗೆ ಬಂದು ಕಾಶೀಂಸಾಬ ಗಂಟು ಬಿಚ್ಚಿದರೆ ಒದ್ದೆ ಗೋಣಿಯಲ್ಲಿ ಸಸಿಗಳು.

"ಬದುಕ್ತಾವೇನ್ರಿ ಇವು ನಮ್ಮ ಬಿಸಲಾಗ?"

"ನೋಡೂಣು."

ಅವು ಸತ್ತವು. ಮತ್ತೆ ತಂದ, ಮತ್ತೆ ಸತ್ತವು. ಕೊಡ ಹೊತ್ತು ನೀರುಣಿಸಿ ಬದುಕಿಸಿಕೊಳ್ಳುವಷ್ಟರಲ್ಲಿ ಅವನ ಬೆನ್ನು ಬಾಗಿತ್ತು.

*

ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣಾಯಿತು. ಎಲ್ಲರಂತೆ ಮುನಾವರನೂ ಮೂರು ಹಿಡಿ ಮಣ್ಣು ಹಾಕಿ ಬಂದ. ಬಂದವರಿಗೆ ನೆರೆಯವರು ಚಹಾ ಕೊಟ್ಟರು. ಬಿಸಿಲು ಇಳಿಯಿತು.

ಖಾಜಾಬಿ ಹಿತ್ತಲ ಬಾಗಿಲಲ್ಲಿ ಬಂದು ಕೂತಳು. "ಮುನಾವರ, ಕೋಲು ಊರಿ ನೋಡು."

ಅದು ಅಪ್ಪ ಮಾಡುತ್ತಿದ್ದ ಪರೀಕ್ಷೆ. ಬೀಜದಲ್ಲಿ ಕೋಲು ಊರಿ ಕಿತ್ತಾಗ ತೂತು ಮುಚ್ಚಿಕೊಂಡರೆ ಲೋಳೆ ಇನ್ನೂ ಬಿಟ್ಟಿಲ್ಲ. ತೂತು ಹಾಗೇ ನಿಂತರೆ ತೊಳೆಯಬೇಕು.

"ನನ್ನ ಕೈಲೆ ಆಗೂದಿಲ್ಲಮ್ಮ. ಈಗ ಅಬ್ಬಾನ್ನ ಮಣ್ಣಾಗಿಟ್ಟು ಬಂದೇನಿ."

"ನನಗರ ಆಗ್ತೈತೇನಪಾ?" ಆಗ ಆಕೆಗೆ ಅಳು ಬಂತು. "ಅವರ ಕೈಯಾಗಿಂದು ಇದೊಂದ ಉಳದೈತಿ. ಇದೂ ಕೆಡಬೇಕೇನು?"

ಶಿವನಪ್ಪ ಚಹಾದ ಲೋಟ ಕೆಳಗಿಟ್ಟು ಎದ್ದ. "ನೀರು ನಾ ತರ್ತೇನಿ. ನೀ ನೋಡಪಾ."

ಮುನಾವರ ಉಗುರಿನ ಸಂದಿನ ಗೋರಿಯ ಮಣ್ಣು ಹೋಗುವಂತೆ ಕೈ ತೊಳೆದುಕೊಂಡ. ಕೋಲು ಊರಿ ಮೆಲ್ಲಗೆ ಕಿತ್ತ.

"ಮುಚ್ಚಿತೇನು?" ಖಾಜಾಬಿ ಕೇಳಿದಳು.

"ಇಲ್ಲ. ಹಂಗ ಐತಿ."

"ಹಂಗಾರ ತೊಳಿ."

ಶಿವನಪ್ಪ ಕೊಡ ಎತ್ತಿದ. ಮುನಾವರ ಸ್ವಲ್ಪ ತಡೆಯಿರಿ ಎಂದು ಕೈ ಅಡ್ಡ ಹಿಡಿದು, ಅಪ್ಪನ ಕಡೇ ಕಾಫಿಯಲ್ಲಿ ಮುಚ್ಚದೆ ನಿಂತ ಆ ತೂತನ್ನೇ ನೋಡುತ್ತ ನಿಂತ. ಆಮೇಲೆ ಕೈ ತೆಗೆದ. ನೀರು ಬಿತ್ತು.