ಕಾರ್ಡಿನ ಕುರಿಗಳು

“ಎಷ್ಟು ಕುರಿ ಇದಾವೆ ಪುಟ್ಟಾ? ಬೆರಳಿಟ್ಟು ಎಣಿಸು ನೋಡೋಣ,” ಎಂದು ಕಾವ್ಯಶ್ರೀ ಮೇಡಂ ಮತ್ತೊಮ್ಮೆ ಕೇಳಿದರು. ಬಿಂದುಶ್ರೀ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನ ಮೇಲಿದ್ದ ಚಿತ್ರದ ಕಾರ್ಡನ್ನೇ ನೋಡುತ್ತ ಕೂತಳು. ಈಗಷ್ಟೇ ಬಾಳೆಹಣ್ಣು, ಬಲೂನು, ಬಸ್ಸು ಎಲ್ಲವನ್ನೂ ಪಟಪಟನೆ ಎಣಿಸಿದ್ದ ಮಗು. ಬಣ್ಣಗಳನ್ನು ಹೇಳಿದ್ದಳು, ಮರದ ತುಂಡುಗಳನ್ನು ಸರಿಯಾದ ಕಂಡಿಗಳಲ್ಲಿ ಕೂರಿಸಿದ್ದಳು. ಕುರಿ ಬಂದದ್ದೇ ತಡ, ಬಾಯಿಗೆ ಬೀಗ ಬಿತ್ತು.

ಪಕ್ಕದಲ್ಲಿ ಕೂತಿದ್ದ ತಾಯಿ ಪ್ರಮೀಳಾಗೆ ಮೈಯೆಲ್ಲ ಉರಿಯಿತು. ಪಿರಿಯಾಪಟ್ಟಣದ ಈ ಶಾಲೆಯಲ್ಲಿ ಯು.ಕೆ.ಜಿ.ಗೆ ಉಳಿದಿದ್ದುದು ಒಂದೇ ಸೀಟು. ಹೊರಗೆ ಜಗಲಿಯಲ್ಲಿ ಬೇರೆ ತಾಯಂದಿರು ತಮ್ಮ ಮಕ್ಕಳ ತಲೆ ಬಾಚುತ್ತ ಕಾದಿದ್ದರು. ಇದು ಪರೀಕ್ಷೆಯಲ್ಲ, ಸುಮ್ಮನೆ ಮಗುವನ್ನು ಮಾತಾಡಿಸುವುದು ಅಷ್ಟೇ ಎಂದು ಮೇಡಂ ಮೊದಲೇ ಹೇಳಿದ್ದರು. ಹಾಗೆ ಹೇಳಿದಾಗಲೇ ಪ್ರಮೀಳಾಗೆ ಅನುಮಾನ ಬಂದಿತ್ತು. ಪರೀಕ್ಷೆಯಲ್ಲದಿದ್ದರೆ ಪೆನ್ನು ಹಿಡಿದು ಟಿಕ್ ಹಾಕುವುದೇಕೆ? ಅವಳಿಗೆ ಅನುಮಾನ ಬರಲು ಹೆಚ್ಚೇನೂ ಬೇಕಿರಲಿಲ್ಲ ಅನ್ನಿ. ಅಂಗಡಿಯವನು ನಕ್ಕರೆ ಮೊದಲು ತಕ್ಕಡಿ ನೋಡುವ ಹೆಣ್ಣು ಅದು.

ಆದರೆ ಈ ಹೊತ್ತಿನ ಅನುಮಾನ ಮೇಡಂ ಮೇಲಿರಲಿಲ್ಲ. ಬಾಗಿಲ ಬಳಿ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ ಅತ್ತೆ ಬಸವಮ್ಮನ ಮೇಲಿತ್ತು. “ಅಷ್ಟು ದೂರ ವ್ಯಾನಲ್ಲಿ ತುಂಬ್ಕೊಂಡೋಗ್ತಾರೆ ಮಕ್ಳ. ನಮ್ಮೂರ ಅಂಗನವಾಡಿಗೆ ಏನಾಗದೆ?” ಎಂದು ಮುದುಕಿ ಬೇಸಿಗೆಯುದ್ದಕ್ಕೂ ಗೊಣಗಿದ್ದಳು. ಮಗ ವಸಂತ್ ಗದರಿದ ಮೇಲೆ ಸುಮ್ಮನಾಗಿದ್ದಳು. ಆ ಸುಮ್ಮನಾದದ್ದೇ ಪ್ರಮೀಳಾಗೆ ಹಿಡಿಸಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಬಸವಮ್ಮ ಮೊಮ್ಮಗಳಿಗೆ ದೃಷ್ಟಿ ತೆಗೆದು ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದಳು. “ನಾನೂ ಬತ್ತೀನಿ” ಎಂದು ಬಸ್ಸು ಬೇರೆ ಹತ್ತಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಲೆಕ್ಕ ಇವಳದು ಎಂದು ಪ್ರಮೀಳಾ ಹಲ್ಲು ಕಡಿದಳು.

“ಪರವಾಗಿಲ್ಲಮ್ಮ. ಮಗು ಇನ್ನೂ ರೆಡಿ ಇಲ್ಲ ಅನ್ಸುತ್ತೆ, ಮುಂದಿನ ವರ್ಷ ಕರ್ಕೊಂಡು ಬನ್ನಿ,” ಎಂದು ಮೇಡಂ ಕಾರ್ಡುಗಳನ್ನು ಜೋಡಿಸತೊಡಗಿದರು.

“ಒಂದೇ ಒಂದ್ನಿಮಿಷ ಮೇಡಂ,” ಎಂದು ಪ್ರಮೀಳಾ ಮಗಳನ್ನು ಬಾಗಿಲಾಚೆಗೆ ಎಳೆದುಕೊಂಡು ಬಂದಳು. “ಬೆಳಿಗ್ಗೆ ಅಜ್ಜಿ ಏನ್ ಯೋಳ್ಕೊಡ್ತು? ದಿಟ ಯೋಳು.”

“ಮೇಡಂಗೆ ಕೈ ಮುಗಿ ಅಂದ್ಲು.”

“ಮತ್ತೆ ಕುರಿ ಯಾಕೆ ಎಣಿಸ್ನಿಲ್ಲ?”

“ಕುರಿ ಎಣಿಸ್ಬಾರ್ದು ಕಣವ್ವ. ಎಣಿಸಿದ್ರೆ ಕಮ್ಮಿ ಆಯ್ತವೆ. ಅಜ್ಜಿ ಯೋಳವ್ಳೆ.”

ಸಿಕ್ಕಿಬಿದ್ದಳಲ್ಲ ಕಳ್ಳಿ! ಪ್ರಮೀಳಾ ಬೆಂಚಿನ ಕಡೆ ತಿರುಗಿದಳು. “ಮಗೀನ ಸೀಟು ತಪ್ಪಿಸ್ಬೇಕು ಅಂತ್ಲೇ ಯೋಳ್ಕೊಟ್ರಿ ಅಲ್ವಾ ಅತ್ತೆ?”

“ಅಯ್ ಶಿವನೇ! ಪಟದಲ್ಲಿ ಕುರಿ ಬತ್ತವೆ ಅಂತ ನಂಗೇನ್ ಕನಸು ಬಿದ್ದಿತ್ತಾ? ಮೊನ್ನೆ ಅಟ್ಟೀಲಿ ಎಣಿಸಾಕೋದ್ಲು, ಬ್ಯಾಡ ಕಣವ್ವ ಅಂದೆ. ನಮ್ ಮಾವ್ನೋರ ಕಾಲ್ದಿಂದ ಯಾರೂ ಎಣಿಸ್ನಿಲ್ಲ. ನೋಡಿದ್ರೇ ಗೊತ್ತಾಯ್ತದೆ, ಯಾವ್ದು ಬಂತು ಯಾವ್ದು ಬರ್ನಿಲ್ಲ ಅಂತ.”

ಅದು ಸುಳ್ಳಲ್ಲ. ಕುರಿ ಕಾಯ್ದೇ ಬಾಳಿದ ಮನೆತನ ಅದು. ಈಗ ಹೊಲದ ತುಂಬ ಹೊಗೆಸೊಪ್ಪು, ಹಟ್ಟಿಯಲ್ಲಿ ಉಳಿದಿರುವುದು ಬೆರಳೆಣಿಕೆಯ ಕುರಿ. ಆದರೂ ಆ ಬೆರಳನ್ನು ಯಾರೂ ಮಡಚಿದವರಲ್ಲ. ಪ್ರಮೀಳಾಗೆ ಮಾತ್ರ ಇದು ಮದುವೆಯಾಗಿ ಬಂದ ದಿನದಿಂದಲೂ ನಗೆಪಾಟಲು.

“ಅದೆಲ್ಲ ಮೂಢನಂಬಿಕೆ,” ಎಂದು ಅವಳು ಮೇಡಂಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು. “ಇಂಜೆಕ್ಷನ್ ಆಕೋ ಡಾಕ್ಟ್ರು ಎಣಿಸಲ್ವಾ? ಯಾವ ಕುರಿ ಸತ್ತೋಯ್ತು?”

ಒಳಗಿನಿಂದ ಮೇಡಂ ನಕ್ಕದ್ದು ಕೇಳಿತು. “ಬನ್ನಿ, ಇನ್ನೊಂದ್ಸಲ ನೋಡೋಣ.”

ಕಾರ್ಡು ಮತ್ತೆ ಮೇಜಿಗೆ ಬಂತು. ಬಿಂದುಶ್ರೀ ಕಾರ್ಡು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಅಜ್ಜಿಯ ಮುಖ ನೋಡಿದಳು. ಈಗ ಗೊತ್ತಾಗುತ್ತದೆ ಬಣ್ಣ ಎಂದುಕೊಂಡಳು ಪ್ರಮೀಳಾ. ಮುದುಕಿ ಒಂದು ಸಲ ತಲೆ ಅಲ್ಲಾಡಿಸಿದರೆ ಸಾಕಿತ್ತು, ಸೀಟು ಜಗಲಿಯ ಪಾಲಾಗುತ್ತಿತ್ತು. ಬಸವಮ್ಮ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು ಕಾರ್ಡನ್ನು ಎತ್ತಿ ಹಿಡಿದಳು. ಬೆಳ್ಳಗೆ, ದುಂಡಗೆ, ನಗುತ್ತಿದ್ದ ಆ ಕುರಿಗಳನ್ನು ಬಹಳ ಹೊತ್ತು ನೋಡಿದಳು. ಹಿಂದೆ ಏನಾದರೂ ಇದೆಯೇನೋ ಎಂದು ತಿರುಗಿಸಿಯೂ ನೋಡಿದಳು.

“ಇವಕ್ಕೆ ಉಸುರಿಲ್ಲ ಕಣವ್ವ,” ಎಂದು ಕಾರ್ಡನ್ನು ಮಗುವಿನ ಮುಂದಿಟ್ಟಳು. “ಎಣಿಸು, ಏನೂ ಆಗಕಿಲ್ಲ.”

ಬಿಂದುಶ್ರೀ ಎಣಿಸಿದಳು. ಒಂದೂ ತಪ್ಪಲಿಲ್ಲ. ಮೇಡಂ ಟಿಕ್ ಹಾಕಿ, ಸೋಮವಾರದಿಂದ ಕಳಿಸಿ ಅಂದರು. ಬಸವಮ್ಮನ ಕಣ್ಣು ತುಂಬಿತ್ತು. ಅದು ಸೀಟು ಸಿಕ್ಕಿದ್ದಕ್ಕೋ, ಮಗು ಮನೆ ಬಿಟ್ಟು ಹೋಗುವುದಕ್ಕೋ ಎಂದು ಬಸ್ಸಿನಲ್ಲಿ ಉದ್ದಕ್ಕೂ ಪ್ರಮೀಳಾ ಓರೆಗಣ್ಣಿನಲ್ಲಿ ಅಳೆಯುತ್ತಲೇ ಬಂದಳು. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಬಿಂದುಶ್ರೀಯ ಸಂಭ್ರಮಕ್ಕೆ ಕೊನೆಯೇ ಇರಲಿಲ್ಲ. ತಟ್ಟೆಗಳನ್ನು ಎಣಿಸಿದಳು, ಲೋಟ ಎಣಿಸಿದಳು, ಮುದ್ದೆ ಎಣಿಸಿದಳು. “ಭೇಷ್ ಕಣವ್ವ!” ಎಂದು ವಸಂತ್ ಹುರಿದುಂಬಿಸಿದ. ಆಮೇಲೆ ಮಗು ಎದ್ದು ಬಂದು ತಾತ ಚಿಕ್ಕಬೀರಯ್ಯನ ಮಂಡಿ ಮುಟ್ಟಿ “ಒಂದು” ಅಂದಳು. ಅಜ್ಜಿಯ ಕೆನ್ನೆ ಮುಟ್ಟಿ “ಎರಡು.” ಅಪ್ಪನ ಭುಜ, “ಮೂರು.” ಅವ್ವನ ಬಳೆ, “ನಾಕು.” ಬಸವಮ್ಮ ಮುದ್ದೆ ಮುರಿಯುತ್ತಿದ್ದಳು. ಬಿಂದುಶ್ರೀಯ ಪುಟ್ಟ ಬೆರಳು ತಿರುಗಿ ಅವಳದೇ ಎದೆಯ ಕಡೆಗೆ ಹೊರಟಿತು.

ಪ್ರಮೀಳಾ ತಟ್ಟನೆ ಮುಂದಕ್ಕೆ ಬಾಗಿದಳು. ಎಂಜಲು ಕೈ ಎನ್ನುವುದನ್ನೂ ಮರೆತು ಆ ಬೆರಳನ್ನು ಗಬಕ್ಕನೆ ಹಿಡಿದುಕೊಂಡಳು.

“ಸಾಕು ಬುಡವ್ವ,” ಅಂದಳು. “ಉಣ್ಣು.”

ವಸಂತ್ ಏನೆಂದು ತಿಳಿಯದೆ ಹೆಂಡತಿಯ ಮುಖ ನೋಡಿದ. ಬಸವಮ್ಮ ತಲೆ ಎತ್ತಲಿಲ್ಲ. ಸಾರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸೊಸೆಯ ತಟ್ಟೆಗೆ ಒಂದು ಸೌಟು ಬಿಟ್ಟಳು.